ನೀರು ಬರುವ ಹೊತ್ತಿಗೆ ಹೊಲ ಉಳಿದಿರಲಿ

ನಮ್ಮ ಭಾವನವರದು ಒಂದು ಪಟ್ಟಣದ ಅಂಚಿನಲ್ಲಿ ಮೂರೆಕರೆ ಜಮೀನು. ಎರಡೆಕರೆ ಅಡಿಕೆ, ಒಂದೆಕರೆ ಮೆಕ್ಕೆಜೋಳ. ಹೋದ ವರ್ಷ ಒಂದು ದಿನ ಫೋನು ಮಾಡಿದರು. "ಸ್ವಲ್ಪ ಬಂದು ಹೋಗಪ್ಪ. ನಮ್ಮ ತೋಟ ಹಳದಿ ಆಗೈತಂತೆ."

ಹಳದಿ ಎಲೆ ರೋಗ ನಮ್ಮ ಕಡೆಗೂ ಬಂತೇ ಎಂದು ಎದೆ ಧಸಕ್ಕೆಂದಿತು. ಚಿಕ್ಕಜಾಜೂರಿನಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ತೋಟ ನೋಡಿದರೆ ಹಚ್ಚಗೆ ನಗುತ್ತಿದೆ! ಹಳದಿಯಾಗಿದ್ದು ಗಿಡವಲ್ಲ, ನಕ್ಷೆ. ಪಟ್ಟಣದ ಮಾಸ್ಟರ್ ಪ್ಲಾನಿನಲ್ಲಿ ಭಾವನವರ ಸರ್ವೆ ನಂಬರಿಗೆ ಹಳದಿ ಬಣ್ಣ ಬಳಿದಿದ್ದರು. ಹಿಂದಿನ ನಕ್ಷೆಯಲ್ಲಿ ಅದು ಹಸಿರು. ಸಾಲದ್ದಕ್ಕೆ ತೋಟದ ನಟ್ಟನಡುವೆ ಅರವತ್ತಡಿ ರಸ್ತೆಯ ಎರಡು ಗೆರೆ. ಬೋರು ಇರುವುದು ಸರಿಯಾಗಿ ಆ ಗೆರೆಗಳ ಮಧ್ಯೆ.

ಕಚೇರಿಯಲ್ಲಿದ್ದವರು ಸಮಾಧಾನವಾಗಿಯೇ ಮಾತಾಡಿದರು. "ಯಜಮಾನ್ರೇ, ಖುಷಿ ಪಡಿ. ಇನ್ನು ನಿಮ್ಮ ಜಮೀನಿಗೆ ಒಳ್ಳೆ ರೇಟು ಬರುತ್ತೆ."

"ಮಾರೋ ಯೋಚ್ನೆ ಇಲ್ಲವಲ್ಲ ಸ್ವಾಮಿ," ಎಂದರು ಭಾವ.

"ಹಂಗಾದ್ರೆ ಆಕ್ಷೇಪಣೆ ಹಾಕಬೇಕಿತ್ತು. ಅದರ ಗಡುವು ಮುಗಿದು ತಿಂಗಳಾಯ್ತು."

ನಾಲ್ಕು ತಲೆಮಾರು ಆ ಮಣ್ಣಿನಲ್ಲಿ ದುಡಿದವರಿಗೆ ಗೊತ್ತಾಗದಂತೆ ಆ ಮಣ್ಣಿನ ಹಣೆಬರಹ ಬದಲಾಗಿತ್ತು. ಇದಕ್ಕೆ ಯಾರನ್ನು ಬೈಯಬೇಕು? ಪ್ರಕಟಣೆ ಬಂದಿತ್ತಂತೆ. ನೋಟೀಸು ಗೋಡೆಗೆ ಅಂಟಿಸಿದ್ದರಂತೆ. ನಾವು ಆ ಗೋಡೆಯ ಮುಂದೆ ಯಾವತ್ತು ಹಾದು ಹೋಗುತ್ತೇವೆ ಹೇಳಿ!

ಈ ಬಣ್ಣಗಳ ಭಾಷೆ ನಮಗೆ ಗೊತ್ತಿರಬೇಕು. ನಮ್ಮ ರಾಜ್ಯದ ನಕ್ಷೆಗಳಲ್ಲಿ ಹಳದಿ ಎಂದರೆ ವಸತಿ. ನೀಲಿ ವಾಣಿಜ್ಯ. ನೇರಳೆ ಕೈಗಾರಿಕೆ. ತಿಳಿ ಹಸಿರು ಬೇಸಾಯ. ಹಳದಿ ಬಳಿದ ಮಾತ್ರಕ್ಕೆ ಯಾರೂ ಬಂದು ಜಮೀನು ಕಿತ್ತುಕೊಳ್ಳುವುದಿಲ್ಲ. ನೀವು ಬೇಸಾಯ ಮಾಡಿಕೊಂಡೇ ಇರಬಹುದು. ಆದರೆ ಪಕ್ಕದವರು ಅಲಿನೇಷನ್ ಮಾಡಿಸುವುದು ಸಲೀಸಾಗುತ್ತದೆ. ಅವರ ಹೊಲದಲ್ಲಿ ಕಲ್ಲು ನೆಡುತ್ತಾರೆ. ನೀರು ಹರಿಯುವ ಹಳ್ಳಕ್ಕೆ ಮಣ್ಣು ಬೀಳುತ್ತದೆ. ಮಳೆಗಾಲದಲ್ಲಿ ಆ ಲೇಔಟಿನ ನೀರೆಲ್ಲ ನಿಮ್ಮ ತೋಟಕ್ಕೆ ನುಗ್ಗುತ್ತದೆ, ಬೇಸಿಗೆಯಲ್ಲಿ ಅವರ ಬೋರು ನಿಮ್ಮ ಬೋರನ್ನು ಕುಡಿಯುತ್ತದೆ. ಆಮೇಲೆ ನೀವಾಗಿಯೇ "ಸಾಕಪ್ಪಾ" ಎನ್ನುತ್ತೀರಿ. ಕಿತ್ತುಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

"ನಮ್ಮದು ಹಳ್ಳಿ, ನಮಗೇನು ಸಂಬಂಧ?" ಎಂದು ಕೆಲವರು ಕೇಳಬಹುದು. ಪಟ್ಟಣದ ಯೋಜನೆ ಪಟ್ಟಣದ ಗಡಿಗೇ ನಿಲ್ಲುವುದಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಸುತ್ತಲ ಹಳ್ಳಿಗಳನ್ನೂ ಸೇರಿಸಿ 'ಸ್ಥಳೀಯ ಯೋಜನಾ ಪ್ರದೇಶ' ಎಂದು ಸರ್ಕಾರ ಘೋಷಿಸುತ್ತದೆ. ನಿಮ್ಮೂರು ಅದರೊಳಗೆ ಸೇರಿದ್ದು ನಿಮಗೆ ಗೊತ್ತಿಲ್ಲದೆಯೂ ಇರಬಹುದು. ಚಿಕ್ಕಜಾಜೂರು ರೈಲ್ವೆ ಜಂಕ್ಷನ್. ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗದ ಕಡೆಗೆ ಹಳಿ ಕವಲೊಡೆಯುವುದು ಇಲ್ಲೇ. ಹಳಿ, ರಸ್ತೆ ಇದ್ದಲ್ಲಿಗೆ ಸೈಟಿನವರ ಕಣ್ಣು ಬೀಳಲು ಬಹಳ ಕಾಲ ಬೇಡ.

ಬೆಂಗಳೂರಿನ ಕಥೆ ನೋಡಿ. 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ನಗರದ ಸುತ್ತ ಎಂಟುನೂರು ಚದರ ಕಿಲೋಮೀಟರಿಗೂ ಹೆಚ್ಚು ಜಾಗವನ್ನು ಹಸಿರು ವಲಯ ಎಂದು ಗುರುತಿಸಿದ್ದರು. ರಾಗಿ, ತರಕಾರಿ, ದ್ರಾಕ್ಷಿ ಬೆಳೆಯುವ ಹೊಲಗಳು, ಕೆರೆಗಳು, ಗೋಮಾಳಗಳು. 1995ರ ಪರಿಷ್ಕರಣೆಯಲ್ಲಿ ಹಸಿರು ಹಿಂದೆ ಸರಿಯಿತು. 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನಿನಲ್ಲಿ ಇನ್ನಷ್ಟು ಸರಿಯಿತು. ಮುಂದೆ 2031ರ ತನಕದ ಕರಡು 2017ರ ನವೆಂಬರಿನಲ್ಲಿ ಹೊರಬಂತು. ಆಕ್ಷೇಪಣೆಗಳು ರಾಶಿ ಬಿದ್ದವು. ಕೊನೆಗೆ 2020ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. ನಡುವೆ ನೆಲದ ಮೇಲೆ ಏನು ನಡೆಯಿತು? ನಕ್ಷೆಯಲ್ಲಿ ಹಸಿರಿದ್ದ ಕಡೆಯೂ ಲೇಔಟು ಎದ್ದವು. ಮೊದಲು ಕಟ್ಟುವುದು, ಆಮೇಲೆ ಸಕ್ರಮ ಮಾಡಿಸುವುದು. ಹೊಲ ಮನೆಯಾಯಿತು. ಮನೆ ಮತ್ತೆ ಹೊಲವಾದದ್ದನ್ನು ಯಾರಾದರೂ ಕಂಡಿದ್ದೀರಾ?

ಇಲ್ಲಿ ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಹಸಿರು ವಲಯ ಎಂದರೆ ರೈತರೆಲ್ಲ ಕುಣಿಯುತ್ತಾರೆ ಎಂದಲ್ಲ. ನಮ್ಮ ಭಾವನವರ ಪಕ್ಕದ ಜಮೀನಿನವರು ನನ್ನ ಜತೆ ಜಗಳಕ್ಕೇ ನಿಂತರು. "ನಿಮಗೇನು ಹೇಳ್ತೀರಿ. ಮಗಳ ಮದುವೆ ಸಾಲ ಐತೆ. ಮೂರು ಬೋರು ಫೇಲಾಗ್ಯಾವೆ. ಹಸಿರು ಅಂತ ಇಟ್ರೆ ರೋಡಿನ ಆ ಕಡೆಯವನು ಕೋಟಿ ಎಣಿಸ್ತಾನೆ, ಈ ಕಡೆ ನಾನು ಜೋಳ ಎಣಿಸ್ಬೇಕು." ಅವರ ಮಾತಿನಲ್ಲಿ ಸುಳ್ಳಿಲ್ಲ. ಪಟ್ಟಣದವರಿಗೆ ತಂಪು ಗಾಳಿ ಬೇಕು, ಕೆರೆಗೆ ನೀರು ಬೇಕು, ಮನೆ ಬಾಗಿಲಿಗೆ ತಾಜಾ ಸೊಪ್ಪು ಬೇಕು. ಅದರ ಖರ್ಚನ್ನು ಹಸಿರು ಬಣ್ಣ ಬಿದ್ದ ರೈತನೊಬ್ಬನೇ ಹೊರಬೇಕು ಎಂದರೆ ಯಾವ ನ್ಯಾಯ?

ಹಸಿರು ಪಟ್ಟಿಗೆ ಹೆಸರಾದ ಊರು ಲಂಡನ್. ಅಲ್ಲಿ 1938ರಲ್ಲಿ ಕಾಯ್ದೆ ಮಾಡಿದಾಗ ನಗರದ ಸುತ್ತಲ ಜಮೀನನ್ನು ಸ್ಥಳೀಯ ಆಡಳಿತಗಳು ದುಡ್ಡು ಕೊಟ್ಟು ಕೊಂಡು ಬಯಲಾಗಿಯೇ ಉಳಿಸಲು ದಾರಿ ಮಾಡಿದ್ದರು. ಹಸಿರು ಬೇಕಾದವರು ಹಸಿರಿಗೆ ಬೆಲೆ ಕೊಟ್ಟರು. ನಾವು ಹೆಸರನ್ನು ಮಾತ್ರ ತಂದುಕೊಂಡೆವು, ಲೆಕ್ಕ ಚುಕ್ತಾ ಮಾಡುವುದನ್ನು ಅಲ್ಲೇ ಬಿಟ್ಟು ಬಂದೆವು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಒಂದು ಎಕರೆ ಎಂದರೆ 43,560 ಚದರಡಿ. ಲೇಔಟು ಮಾಡಿದರೆ ರಸ್ತೆ, ಉದ್ಯಾನ ಅಂತ ಬಿಟ್ಟು ಸುಮಾರು ಅರ್ಧದಷ್ಟು ಸೈಟಿಗೆ ಸಿಗುತ್ತದೆ. ಮೂವತ್ತು ನಲವತ್ತರ ಹದಿನೆಂಟೋ ಇಪ್ಪತ್ತೋ ಸೈಟು. ಒಂಬತ್ತಡಿ ಅಂತರದಲ್ಲಿ ಅಡಿಕೆ ಹಾಕಿದವರು ಅಂಥ ಒಂದು ಸೈಟಿನ ಜಾಗದಲ್ಲಿ ಹದಿನಾಲ್ಕು ಮರ ನಿಲ್ಲಿಸುತ್ತಾರೆ. ಸೈಟು ಒಂದು ಸಲ ದುಡ್ಡು ಕೊಡುತ್ತದೆ. ಮರ ಪ್ರತಿ ವರ್ಷ ಕೊಡುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ.

ಗೊತ್ತಿಲ್ಲದ ಲೆಕ್ಕ ನೀರಿನದು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಹಿಡಿಯಿರಿ. ಒಂದೆಕರೆಯ ಮೇಲೆ ಬೀಳುವುದು 24 ಲಕ್ಷ ಲೀಟರು! ಬದು ಹಾಕಿದ ಹೊಲದಲ್ಲಿ ಅದರ ಒಂದು ಪಾಲು ಇಂಗುತ್ತದೆ, ಒಂದು ಪಾಲು ಬೆಳೆಗೆ, ಉಳಿದದ್ದು ನಿಧಾನಕ್ಕೆ ಹಳ್ಳಕ್ಕೆ, ಕೆರೆಗೆ. ಅದೇ ಎಕರೆಗೆ ಕಾಂಕ್ರೀಟು, ಡಾಂಬರು ಹಾಕಿದರೆ ಇಂಗುವುದಕ್ಕೆ ಜಾಗ ಎಲ್ಲಿ? ನೀರು ಒಂದೇ ಸಲ ನುಗ್ಗಿ ಹೋಗುತ್ತದೆ. ನಮ್ಮ ತೋಟಗಳು ಉಸಿರಾಡುತ್ತಿರುವುದೇ ಬೋರಿನ ಮೇಲೆ. ಹೊಲ ಹೋದರೆ ಹೊಲದವನ ಬೋರೊಂದೇ ಹೋಗುವುದಿಲ್ಲ. ಊರಿನ ಅಂತರ್ಜಲ ಹೋಗುತ್ತದೆ.

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯವರು ಭದ್ರಾ ನೀರಿಗಾಗಿ ಎಷ್ಟು ವರ್ಷ ಕಾದಿದ್ದೇವೆ! ಪಾದಯಾತ್ರೆ ಮಾಡಿದ್ದೇವೆ, ರಸ್ತೆಯಲ್ಲಿ ಕೂತಿದ್ದೇವೆ. ಭದ್ರಾ ಮೇಲ್ದಂಡೆ ಯೋಜನೆಯ ಕಾಗದದಲ್ಲಿ 29.90 ಟಿಎಂಸಿ ನೀರು, ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ, ಅದಲ್ಲದೆ ಕೆರೆ ತುಂಬಿಸುವುದು ಎಂದಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿಯ ಘೋಷಣೆಯೂ ಆಯಿತು. ಕಾಲುವೆ ಪೂರ್ತಿಯಾಗುವುದನ್ನು ಕಾಯುತ್ತಲೇ ಇದ್ದೇವೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಯಿತು. ನಾನೂ ಹೋಗಿದ್ದೆ. ನೀರು ನೋಡಿ ವಯಸ್ಸಾದವರು ಕಣ್ಣು ಒರೆಸಿಕೊಂಡಿದ್ದನ್ನು ನೋಡಿದೆ.

ನನ್ನ ಹೆದರಿಕೆ ಇರುವುದು ಇಲ್ಲೇ. ಒಣ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ಹೊತ್ತು ಉಳಿಸಿಕೊಂಡ ಹೊಲವನ್ನು, ನೀರು ಬರುತ್ತದೆ ಎನ್ನುವ ಸುದ್ದಿಗೇ ರೇಟು ಏರಿತೆಂದು ಕೊಟ್ಟುಬಿಡುತ್ತೇವೆಯೇ? ಕಾಲುವೆ ಬಂದಾಗ ಅದರ ಪಕ್ಕದಲ್ಲಿ ಹೊಲವೇ ಇಲ್ಲದಿದ್ದರೆ ಆ ನೀರು ಯಾರಿಗೆ? ಮೊದಲು ಬೇಸಾಯಗಾರನಲ್ಲದವನು ಜಮೀನು ಕೊಳ್ಳುವುದಕ್ಕೆ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಅಡ್ಡ ಇದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಬೇಲಿ ಹೋದ ಮೇಲೆ ಕಾವಲು ನಾವೇ ಕಾಯಬೇಕು.

ಕಾದರೆ ಫಲವಿದೆಯೇ? ದೇವನಹಳ್ಳಿಯವರನ್ನು ಕೇಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು 2022ರಲ್ಲಿ ಅಧಿಸೂಚನೆ ಹೊರಟಿತು. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿಗಳು ಹೇಳಿದರು. ಸ್ವಇಚ್ಛೆಯಿಂದ ಕೊಡುವವರಿಂದ ಕೊಳ್ಳುತ್ತೇವೆ ಎಂಬ ಮಾತನ್ನೂ ಜತೆಗೇ ಸೇರಿಸಿದರು. ಅಂದರೆ ಮೊದಲ ಬಾಗಿಲು ಮುಚ್ಚಿತು, ಪಕ್ಕದ ಕಿಟಕಿ ತೆರೆದೇ ಇದೆ. ಅದನ್ನು ಮುಚ್ಚುವುದು, ಬಿಡುವುದು ರೈತರ ಒಗ್ಗಟ್ಟಿಗೆ ಬಿಟ್ಟದ್ದು.

ಮೂರು ವರ್ಷ ಧರಣಿ ಕೂರುವುದಕ್ಕಿಂತ ಅರವತ್ತು ದಿನದೊಳಗೆ ಒಂದು ಅರ್ಜಿ ಕೊಡುವುದು ಸುಲಭ. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ ಅಷ್ಟು ದಿನ ಇರುತ್ತದೆ. ಹತ್ತು ವರ್ಷಕ್ಕೊಮ್ಮೆ ಯೋಜನೆ ಪರಿಷ್ಕರಣೆಯಾಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅಂದರೆ ಈ ಸರದಿ ಮತ್ತೆ ಮತ್ತೆ ಬರುತ್ತದೆ. ಈಗಿನಿಂದಲೇ ಮಾಡಬಹುದಾದ ಕೆಲವು ಕೆಲಸ ಹೀಗಿವೆ:

• ನಿಮ್ಮೂರು ಯಾವುದಾದರೂ ಯೋಜನಾ ಪ್ರದೇಶಕ್ಕೆ ಸೇರಿದೆಯೇ, ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಎಂದು ಕೇಳಿ. ಬಾಯಿ ಮಾತಿಗೆ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

• ಗ್ರಾಮ ನಕ್ಷೆ ತಂದಿಟ್ಟುಕೊಳ್ಳಿ. ಕೆರೆ, ಹಳ್ಳ, ಬಂಡಿದಾರಿ, ಗೋಮಾಳ ಎಲ್ಲಿವೆ ಎಂದು ಹಿರಿಯರ ಜತೆ ಕೂತು ಗುರುತು ಹಾಕಿ. ಹಳ್ಳದ ಮೇಲೆ ರಸ್ತೆ ಗೆರೆ ಬಿದ್ದಿದ್ದರೆ ಅದನ್ನು ತೋರಿಸುವುದಕ್ಕೆ ಇದೇ ಸಾಕ್ಷಿ.

• ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಮನೆ, ಕೊಟ್ಟಿಗೆ ಪಟ್ಟಿಯ ಜತೆಗೆ ಇದನ್ನೂ ಎತ್ತಿ. ನಡಾವಳಿ ಪುಸ್ತಕದಲ್ಲಿ ಬರೆಸಿ.

• ಆಕ್ಷೇಪಣೆ ಒಬ್ಬೊಬ್ಬರೇ ಕೊಡಿ, ಊರಿನ ಹೆಸರಿನಲ್ಲೂ ಕೊಡಿ. ಸರ್ವೆ ನಂಬರು, ಬೆಳೆ, ಬೋರು, ಮರದ ಲೆಕ್ಕ ಬರೆಯಿರಿ. ಪಹಣಿ ಲಗತ್ತಿಸಿ. ಸ್ವೀಕೃತಿ ಪಡೆಯದೆ ಕಚೇರಿ ಮೆಟ್ಟಿಲು ಇಳಿಯಬೇಡಿ.

ಸರ್ಕಾರವನ್ನೂ ಕೇಳುವುದಿದೆ. ಊರು ಬೆಳೆಯುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳಿಗೂ ಮನೆ ಬೇಕು. ಆದರೆ ಮೊದಲು ಈಗಾಗಲೇ ಕಲ್ಲು ನೆಟ್ಟು ಗಿಡಗಂಟಿ ಬೆಳೆದಿರುವ ಖಾಲಿ ಸೈಟುಗಳು ತುಂಬಲಿ. ಕಾಲುವೆಯ ಅಚ್ಚುಕಟ್ಟು, ಕೆರೆಗೆ ನೀರು ತರುವ ಹಳ್ಳ ಇವುಗಳಿಗೆ ಮೊದಲು ಗೆರೆ ಎಳೆಯಲಿ, ಮನೆಯ ಗೆರೆ ಆಮೇಲೆ. ನಕ್ಷೆಯನ್ನು ಪಟ್ಟಣದ ಗೋಡೆಗೆ ಅಂಟಿಸಿದರೆ ಸಾಲದು. ಪ್ರತಿ ಹಳ್ಳಿಯ ಗ್ರಾಮಸಭೆಗೆ ತಂದು ಕನ್ನಡದಲ್ಲಿ ವಿವರಿಸಲಿ. ಇನ್ನು ಹಸಿರು ಬಣ್ಣದಲ್ಲಿ ಉಳಿಯುವ ರೈತನಿಗೆ ಹನಿ ನೀರಾವರಿ, ಕೃಷಿ ಹೊಂಡ, ಹಗಲು ಹೊತ್ತಿನ ಕರೆಂಟು ಇವುಗಳಲ್ಲಿ ಮೊದಲ ಪಾಳಿ ಕೊಡಲಿ. ಪಟ್ಟಣದ ಅಭಿವೃದ್ಧಿ ಶುಲ್ಕದಲ್ಲಿ ಒಂದು ಪಾಲು ಅವನಿಗೆ ಬರಲಿ. ಹಸಿರು ಉಳಿಸುವುದು ಶಿಕ್ಷೆಯಾಗಬಾರದು, ಕೂಲಿ ಸಿಗುವ ಕೆಲಸವಾಗಬೇಕು. ಅಷ್ಟಾದರೆ ಜಗಳಕ್ಕೆ ನಿಂತ ಆ ಪಕ್ಕದ ಜಮೀನಿನವರೂ ನಮ್ಮ ಕಡೆ ಬರುತ್ತಾರೆ.

ಭಾವನವರು ಗಡುವು ಮೀರಿದ ಮೇಲೂ ಅರ್ಜಿ ಕೊಟ್ಟಿದ್ದಾರೆ. ಏನಾಗುತ್ತದೋ ನೋಡಬೇಕು. ಈ ಮಳೆಗಾಲದಲ್ಲಿ ರಸ್ತೆಯ ಗೆರೆ ಬಿದ್ದ ಜಾಗದಲ್ಲಿ ಸತ್ತ ಗಿಡಗಳನ್ನು ಕಿತ್ತು ಹೊಸ ಅಡಿಕೆ ಸಸಿ ಇಡುತ್ತಿದ್ದರು. "ಯಾಕೆ ಭಾವ, ರಸ್ತೆ ಬಂದ್ರೆ?" ಎಂದೆ.

"ಬಂದಾಗ ನೋಡೋಣ. ಹೊಲ ಖಾಲಿ ಬಿಟ್ರೆ ಅವರ ನಕ್ಷೇನೇ ಸರಿ ಅಂತ ನಾನೇ ಒಪ್ಕೊಂಡಂಗೆ ಆಗುತ್ತಲ್ಲಪ್ಪ," ಎಂದು ಇನ್ನೊಂದು ಗುಂಡಿಗೆ ಹಾರೆ ಹಾಕಿದರು.

ನಿಮ್ಮೂರಿನ ನಕ್ಷೆಗೆ ಯಾವ ಬಣ್ಣ ಬಿದ್ದಿದೆ? ಒಮ್ಮೆ ನೋಡಿ ಬನ್ನಿ. ನೋಡಿದ್ದನ್ನು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.