ಗಣಕಯಂತ್ರದಲ್ಲಿ ಸ್ಥಳಾಭಾವ

ಬಾಂದ್ರಾದ ಇಕ್ಕಟ್ಟಿನ ಮನೆಗಳಲ್ಲಿ ಬೆಳೆಯುವ ನಮಗೆ ಸ್ಥಳದ ಬೆಲೆಯನ್ನು ಯಾರೂ ಬೋಧಿಸಬೇಕಾಗಿಲ್ಲ. ಗಣಕಯಂತ್ರದೊಳಗಿನ ಸ್ಥಳದ ವಿಷಯದಲ್ಲಿ ಮಾತ್ರ ನಾವು ಉದಾಸೀನರು. ಹಳೆಯ ಕನ್ನಡ ಗ್ರಂಥವೊಂದನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವಾಗ ಡಿಸ್ಕ್ ತುಂಬಿದರೆ ಕೆಲಸವು ನಡುವೆಯೇ ನಿಲ್ಲುತ್ತದೆ. ಅರೆಬರೆ ಕಡತವು ಜಾಗ ಹಿಡಿದು ಉಳಿಯಬಹುದು. ಕ್ರೋಮ್‌ನಲ್ಲಿ ಅದರ ಹೆಸರಿನ ಕೊನೆಗೆ ‘ಸಿಆರ್‌ಡೌನ್‌ಲೋಡ್’ ಎಂದೂ ಫೈರ್‌ಫಾಕ್ಸ್‌ನಲ್ಲಿ ‘ಪಾರ್ಟ್’ ಎಂದೂ ಇರುತ್ತದೆ. ಆಗ ಓದಬೇಕಾದ ಪುಸ್ತಕಗಳನ್ನು ಅಳಿಸುವುದು ಅವಿವೇಕ. ಮುಂದುವರಿಸಲಾಗದ ಇಂತಹ ತುಣುಕುಗಳೂ ಎರಡೆರಡು ಬಾರಿ ಇಳಿಸಿದ ಪ್ರತಿಗಳೂ ಮೊದಲು ತೊಲಗಲಿ.

ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಸಾಕು. ಪುಟಗಳ ಚಿತ್ರಗಳಿಗಾದರೋ ಬಹುಪಾಲು ಹೆಚ್ಚು ಸ್ಥಳ ಬೇಕು. ವಿಕಿಸೋರ್ಸಿನಲ್ಲಿ ಅಕ್ಷರರೂಪದ ಪಠ್ಯವು ದೊರೆತರೆ ಅದನ್ನೇ ಆರಿಸೋಣ. ಇಳಿಸುವ ಮುನ್ನ ಕಡತದ ಗಾತ್ರವನ್ನೂ ಉಳಿದ ಸ್ಥಳವನ್ನೂ ನೋಡೋಣ. ಕರ್ನಾಟಕದ ಗ್ರಂಥಾಲಯಗಳಿಂದ ದೂರವಿರುವ ನಮಗೆ ಆ ಡಿಸ್ಕೇ ಕನ್ನಡದ ಕಪಾಟು.