ಅಟ್ಟದ ಕಂಪ್ಯೂಟರಿಗೆ ಹೊಸ ಕೆಲಸ

ಸಿಂಗಟಾಲೂರಿನ ಕಡೆಯವರಿಗೆ ಹಮ್ಮಿಗಿ ಬ್ಯಾರೇಜ್ ಗೊತ್ತೇ ಇದೆ. ತುಂಗಭದ್ರೆ ತುಂಬಿ ಹರಿಯುವಾಗ ನಿಲ್ಲಿಸಿಕೊಂಡ ನೀರನ್ನು ಆಮೇಲೆ ಹೊಲಕ್ಕೆ ಎತ್ತಬಹುದು. ಮನೆಯ ಸರ್ವರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಇಂಟರ್‌ನೆಟ್ ಇದ್ದಾಗ ತುಂಬಿಸಿಡುವುದು, ಕೈಕೊಟ್ಟಾಗ ಬಳಸುವುದು. ನಾಳೆ ಪರೀಕ್ಷೆ, ಇಂದು ನೆಟ್ ಇಲ್ಲ ಎಂದು ಪರದಾಡಿದವರಿಗೆ ಇದರ ಬೆಲೆ ತಿಳಿದೀತು.

ಸರ್ವರ್ ಎಂದೊಡನೆ ಗಾಬರಿ ಬೇಡ. ಅಟ್ಟಕ್ಕೇರಿದ ಹಳೆಯ ಕಂಪ್ಯೂಟರೇ ಸಾಕು. ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಕೇಬಲ್ ಮೂಲಕ ರೌಟರಿಗೆ ಜೋಡಿಸಿ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಒಮ್ಮೆಗೇ ಇಳಿಸಿಟ್ಟುಕೊಳ್ಳಬಹುದು. ಹೊರಗಿನ ಸಂಪರ್ಕ ಕಡಿದರೂ ರೌಟರಿಗೆ ಕರೆಂಟು ಇರುವಷ್ಟು ಹೊತ್ತು ಅಣ್ಣನ ಲ್ಯಾಪ್‌ಟಾಪಿನಲ್ಲೂ ತಂಗಿಯ ಮೊಬೈಲಿನಲ್ಲೂ ಅದು ತೆರೆದುಕೊಳ್ಳುತ್ತದೆ.

ಒಂದು ತೊಡಕುಂಟು. ಕರೆಂಟು ಹೋಗಿ ಬಂದಾಗ ರೌಟರು ಸರ್ವರಿನ ವಿಳಾಸವನ್ನೇ ಬದಲಿಸಬಹುದು. ನಿನ್ನೆ 192.168.1.10 ಇದ್ದದ್ದು ಇಂದು 192.168.1.14! ನಾನೇ ಇಡೀ ಸಂಜೆ ಹುಡುಕಾಡಿದ್ದೇನೆ. ರೌಟರಿನ ಸೆಟ್ಟಿಂಗಿನಲ್ಲಿ ಒಂದೇ ವಿಳಾಸವನ್ನು ಕಾಯ್ದಿರಿಸಿದರೆ ಈ ಕಾಟವಿಲ್ಲ.

ಪಾಲಕರೇ, ಕರೆಂಟಿನ ಲೆಕ್ಕವನ್ನೂ ನೋಡಿ. 60 ವ್ಯಾಟಿನ ಕಂಪ್ಯೂಟರು ಹಗಲೂ ರಾತ್ರಿ ಉರಿದರೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್. 2012ರಲ್ಲಿ ಬಂದ ಅಂಗೈಯಗಲದ ರಾಸ್ಪ್‌ಬೆರಿ ಪೈಗೆ ಐದಾರು ವ್ಯಾಟ್ ಸಾಕು. ಮನೆಯ ಫೋಟೊಗಳನ್ನೂ ಅಲ್ಲೇ ಇಡುವುದಾದರೆ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಡಿಸ್ಕು ಹೇಳಿ ಕೆಡುವುದಿಲ್ಲ.