ಹೊರಟ ಸ್ಥಳದ ಗುರುತು



ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಭೂಗೋಳವನ್ನು ಬೋಧಿಸಿದವನು ನಾನು. ಅಕ್ಷಾಂಶ, ರೇಖಾಂಶಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಎಳೆದು ತೋರಿಸಿದ್ದೇನೆಯೋ ಲೆಕ್ಕವಿಲ್ಲ. ಆದರೆ ಆ ಕಾಣದ ಗೆರೆಗಳು ಒಂದನ್ನೊಂದು ಕೂಡುವ ಬಿಂದುವನ್ನು ಕಾಲ್ನಡಿಗೆಯಲ್ಲಿ ಹುಡುಕಿಕೊಂಡು ಹೋಗಿ, ಅದರ ಮೇಲೆ ನಿಂತದ್ದು ಮಾತ್ರ ನಿವೃತ್ತಿಯ ನಂತರ. ಅದೂ ಹತ್ತು ವರ್ಷದ ಮೊಮ್ಮಗಳ ಜೊತೆಯಲ್ಲಿ. ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಡೆದ ಈ ಸಂಗತಿಯಲ್ಲಿ ಸಂತೋಷದ ಜೊತೆಗೆ ನನ್ನದೊಂದು ತಪ್ಪೂ ಸೇರಿಕೊಂಡಿದೆ. ಮಕ್ಕಳನ್ನು ಹೊರಗೆ ಕರೆದೊಯ್ಯುವ ಹಿರಿಯರಿಗೆ ಉಪಯೋಗವಾದೀತೆಂದು ಎರಡನ್ನೂ ಈ ತಿಂಗಳ ಅಂಕಣದಲ್ಲಿ ಹೇಳುತ್ತಿದ್ದೇನೆ.

ಆ ನಾಡಿನಲ್ಲಿ ಹುಟ್ಟಿದ ಹವ್ಯಾಸವೊಂದರ ಹೆಸರು ಜಿಯೋಕ್ಯಾಶಿಂಗ್. ಇಲ್ಲಿ ಕ್ಯಾಶ್ ಎಂದರೆ ನಗದು ಹಣವಲ್ಲ, ಬಚ್ಚಿಟ್ಟ ಸಂಗ್ರಹ. ಒಬ್ಬರು ಒಂದು ಡಬ್ಬಿಯನ್ನು ಎಲ್ಲಿಯೋ ಮರೆಮಾಡಿ ಇಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸುತ್ತಾರೆ. ಮಿಕ್ಕವರು ಉಪಗ್ರಹಗಳ ಸಂಕೇತವನ್ನು ಗ್ರಹಿಸುವ ಜಿಪಿಎಸ್ ಎಂಬ ಕೈಸಾಧನವನ್ನು ಹಿಡಿದು ಹುಡುಕುತ್ತಾರೆ. ಸಿಕ್ಕ ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು ಅದನ್ನು ಇದ್ದಂತೆಯೇ ಇಟ್ಟು ಬರುತ್ತಾರೆ. ಒಳಗಿರುವ ಆಟಿಕೆಯನ್ನೋ ಗೋಲಿಯನ್ನೋ ತೆಗೆದುಕೊಂಡರೆ, ಅಷ್ಟೇ ಬೆಲೆಯ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ವಸ್ತುವೊಂದನ್ನು ಇಡಬೇಕು. ಆಟವೆಂದರೆ ಇಷ್ಟೇ.

ಇದರ ಹುಟ್ಟಿಗೆ ನಿಶ್ಚಿತವಾದ ದಿನಾಂಕವೇ ಇದೆ. ಜಿಪಿಎಸ್ ಅಮೆರಿಕದ ಸೇನೆಗಾಗಿ ರೂಪುಗೊಂಡ ವ್ಯವಸ್ಥೆ. ಅದರ ಮೊದಲ ಉಪಗ್ರಹ ಮೇಲೇರಿದ್ದು 1978ರಲ್ಲಿ. 1983ರಲ್ಲಿ ದಕ್ಷಿಣ ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶವನ್ನು ಹೊಕ್ಕಿತು. ಅದನ್ನು ಹೊಡೆದುರುಳಿಸಿದಾಗ 269 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ಬಳಿಕ ಅಧ್ಯಕ್ಷ ರೇಗನ್ ಈ ವ್ಯವಸ್ಥೆಯನ್ನು ನಾಗರಿಕರಿಗೂ ಮುಕ್ತಗೊಳಿಸುವುದಾಗಿ ಸಾರಿದರು. ಆದರೂ ನಾಗರಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸಲಾಗುತ್ತಿತ್ತು. ಅದರಿಂದ ಸುಮಾರು 100 ಮೀಟರುಗಳಷ್ಟು ವ್ಯತ್ಯಾಸ ಬರಬಹುದಾಗಿತ್ತು. ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ 2000ನೇ ಇಸವಿ ಮೇ ತಿಂಗಳ ಆರಂಭದಲ್ಲಿ ಆ ದೋಷವನ್ನು ತೆಗೆದುಹಾಕಲಾಯಿತು. ಒಂದೇ ರಾತ್ರಿಯಲ್ಲಿ ಲೋಕದ ಸಕಲ ಸಾಧನಗಳೂ ಸುಮಾರು ಹತ್ತು ಪಟ್ಟು ನಿಖರವಾದವು.

ಇದರ ಸಂಭ್ರಮಕ್ಕಾಗಿ ಡೇವ್ ಉಲ್ಮರ್ ಎಂಬವರು ಮೇ 3ರಂದು ಆರೆಗಾನ್‌ನ ಬೀವರ್‌ಕ್ರೀಕ್ ಎಂಬ ಊರಿನ ಬಳಿಯ ಕಾಡಿನಲ್ಲಿ ಒಂದು ಬಕೆಟ್ಟನ್ನು ಬಚ್ಚಿಟ್ಟರು. ಅದರಲ್ಲಿ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಮುಂತಾದ ವಸ್ತುಗಳಿದ್ದವು. ಸ್ಥಳದ ಅಂಕಿಗಳನ್ನು ಅವರು ಅಂತರ್ಜಾಲದಲ್ಲಿ ಪ್ರಕಟಿಸಿದ ಮೂರೇ ದಿನಗಳೊಳಗೆ ಇಬ್ಬರು ಅದನ್ನು ಕಂಡುಹಿಡಿದರು. ಇಂದು ಇಂತಹ ಡಬ್ಬಿಗಳು ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚಿವೆ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಗಗನಯಾತ್ರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಒಂದನ್ನು ಕೊಂಡೊಯ್ದರು. ಹುಡುಕಾಟದ ಈ ಆಸೆ ಉಪಗ್ರಹಗಳಿಗಿಂತ ಹಳೆಯದು. 1854ರಲ್ಲಿಯೇ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ದುರ್ಗಮ ಸ್ಥಳವೊಂದರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಒಂದು ಬಾಟಲಿಯನ್ನು ಇಟ್ಟಿದ್ದ. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು.

ಅಂಗೈಯಗಲದ ಈ ಸಾಧನವು ನಾವಿರುವ ಸ್ಥಳವನ್ನು ಹೇಗೆ ತಿಳಿಯುತ್ತದೆ? ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ, ಸಿಡಿಲು ಎಷ್ಟು ದೂರದಲ್ಲಿದೆಯೆಂದು ಅಂದಾಜು ಮಾಡುವುದುಂಟಲ್ಲವೆ? ತತ್ತ್ವ ಅದೇ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಪರಮಾಣು ಗಡಿಯಾರದ ಸಮಯವನ್ನು ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತವೆ. ಆ ಅಲೆ ನಮ್ಮನ್ನು ತಲಪಲು ಹಿಡಿದ ಕಾಲವನ್ನು ಅಳೆದರೆ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ನಮ್ಮ ಸ್ಥಾನ, ಎತ್ತರ ಹಾಗೂ ಸರಿಯಾದ ಸಮಯ ಮೂರೂ ನಿರ್ಧಾರವಾಗುತ್ತವೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಎಡವಿದರೂ ನೆಲದ ಮೇಲೆ 300 ಮೀಟರುಗಳ ತಪ್ಪಾಗುತ್ತದೆ ಎಂದರೆ ಆ ಗಡಿಯಾರಗಳ ನಿಷ್ಠೆಯನ್ನು ಊಹಿಸಿಕೊಳ್ಳಬಹುದು. ಈ ವಿದ್ಯೆಯಲ್ಲಿ ನಮ್ಮ ದೇಶವೂ ಹಿಂದುಳಿದಿಲ್ಲ. ಇಸ್ರೋ ಸಂಸ್ಥೆಯು ನಾವಿಕ್ ಎಂಬ ಸ್ವಂತ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರಲ್ಲಿ ಹಾರಿಸಿತು. ಅದೇ ವರ್ಷ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಅದರ ಕೇಂದ್ರವನ್ನು ತೆರೆಯಿತು.

ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ಉಲ್ಮರ್ ಅವರು ಪ್ರಕಟಿಸಿದ ಅಕ್ಷಾಂಶವು ಉತ್ತರ 45 ಡಿಗ್ರಿ 17.460 ಮಿನಿಟು. ಒಂದು ಡಿಗ್ರಿಗೆ 60 ಮಿನಿಟುಗಳು. ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು 1,852 ಮೀಟರು. ಆದುದರಿಂದ ಕೊನೆಯ ಅಂಕಿಯಲ್ಲಿ ಒಂದು ಬದಲಾದರೆ ಎರಡು ಮೀಟರಿಗೂ ಕಡಿಮೆ ವ್ಯತ್ಯಾಸ. ಆದರೆ ಅದೇ ಸಂಖ್ಯೆಯನ್ನು 45.17460 ಡಿಗ್ರಿ ಎಂದು ಬರೆದುಕೊಂಡವನು ಸುಮಾರು 13 ಕಿಲೋಮೀಟರ್ ದೂರ ಹೋಗಿ ಹುಡುಕುತ್ತಿರುತ್ತಾನೆ! ದಶಮಾಂಶದ ಲೆಕ್ಕ ಏತಕ್ಕೆ ಬೇಕೆಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಮೂವತ್ತು ವರ್ಷಗಳಲ್ಲಿ ಹೊಳೆದಿರಲಿಲ್ಲ.

ಉಲ್ಮರ್ ಬಕೆಟ್ ಇಟ್ಟಿದ್ದ ಸ್ಥಳದಲ್ಲಿ ಈಗ ಒಂದು ಸ್ಮಾರಕ ಫಲಕವಿದೆ. ಒಂದು ಭಾನುವಾರ ಮಗಳು ನಮ್ಮನ್ನು ಅಲ್ಲಿಗೆ ಕರೆದೊಯ್ದಳು. ನನ್ನ ಉತ್ಸಾಹವನ್ನು ಕಂಡು ಮರುವಾರ ಮತ್ತೊಂದು ಕಾಡುದಾರಿಯ ಬಳಿಗೆ ಕರೆತಂದಳು. ಚಿಕ್ಕ ಕೂಸು ಕಾರಿನಲ್ಲಿ ನಿದ್ದೆ ಹೋಗಿದ್ದುದರಿಂದ ತಾನು ಅಲ್ಲಿಯೇ ಉಳಿದು, “ಅಪ್ಪಾಜಿ, ಇಬ್ಬರೂ ಹೋಗಿ ಬರ್ರಿ. ಕತ್ತಲಾಗೂದರೊಳಗ ಬಂದುಬಿಡ್ರಿ” ಎಂದಳು. ಅದು ಅಕ್ಟೋಬರ್ ತಿಂಗಳು. ಸಂಜೆ ಬೇಗನೆ ಇಳಿಯುತ್ತಿತ್ತು.

ಸಾಧನದ ಪರದೆಯಲ್ಲಿ ಬಾಣದ ಗುರುತು, ಅದರ ಕೆಳಗೆ ಉಳಿದ ದೂರ. 180 ಮೀಟರು ಎಂದು ತೋರಿಸಿದಾಗ ಕಾಲುದಾರಿ ಬಲಕ್ಕೆ ತಿರುಗಿತು. ಬಾಣ ಮಾತ್ರ ಎಡಕ್ಕೆ, ಇಳಿಜಾರಿನ ಕಡೆಗೆ ತೋರಿಸುತ್ತಿತ್ತು. “ದಾರಿ ಹಿಡಿದೇ ಹೋಗೋಣ ಅಜ್ಜಾ” ಎಂದಳು ಮೊಮ್ಮಗಳು. “ಇಷ್ಟು ಹತ್ತಿರ ಇರೂವಾಗ ಸುತ್ತು ಯಾಕವ್ವಾ” ಎಂದು ನಾನು ಇಳಿದೇಬಿಟ್ಟೆ. ಬಾಣವು ತೋರಿಸುವುದು ಹಕ್ಕಿ ಹಾರುವ ನೇರ ದೂರವನ್ನೇ ಹೊರತು ಮನುಷ್ಯ ನಡೆಯಬಹುದಾದ ದಾರಿಯನ್ನಲ್ಲ. ನಡುವೆ ಹಳ್ಳವಿದೆಯೋ ಬಂಡೆಯಿದೆಯೋ ಅದಕ್ಕೆ ತಿಳಿಯದು. ಭೂಗೋಳದ ಮೇಷ್ಟರಾದ ನನಗೆ ಇದು ತಿಳಿದಿರಬೇಕಾಗಿತ್ತು.

ಒದ್ದೆಯಾದ ಜರೀಗಿಡಗಳ ನಡುವೆ ಜಾರುತ್ತ, ಏಳುತ್ತ ತಳ ಸೇರಿದಾಗ ಇನ್ನೂ 12 ಮೀಟರು ಉಳಿದಿತ್ತು. ಅಲ್ಲಿಂದ ಮುಂದೆ ಬಾಣ ನಿಲ್ಲಲೊಲ್ಲದು; ಒಮ್ಮೆ ಮುಂದೆ, ಒಮ್ಮೆ ಹಿಂದೆ. ದಟ್ಟವಾದ ಮರಗಳ ಕೆಳಗೆ ಸಂಕೇತಗಳು ಕ್ಷೀಣಿಸುತ್ತವೆ; ಬಂಡೆಗಳಿಗೆ ತಾಗಿ ಪ್ರತಿಫಲಿಸಿದ ಅಲೆಗಳು ಲೆಕ್ಕ ತಪ್ಪಿಸುತ್ತವೆ. ತೆರೆದ ಆಕಾಶದ ಕೆಳಗೂ ನಾಲ್ಕೈದು ಮೀಟರುಗಳ ಅನಿಶ್ಚಿತತೆ ಇದ್ದೇ ಇರುತ್ತದೆ. ಆ ಕೊನೆಯ ಹೆಜ್ಜೆಗಳನ್ನು ಕಣ್ಣಿನಿಂದಲೇ ಹುಡುಕಬೇಕು. ನಾನು ಪರದೆಯನ್ನು ನೋಡುತ್ತಿದ್ದೆ. ಅವಳು ಕಾಡನ್ನು ನೋಡುತ್ತಿದ್ದಳು. ಉರುಳಿಬಿದ್ದ ಮರದ ಪೊಟರೆಗೆ ಯಾರೋ ತೊಗಟೆಯನ್ನು ಒಪ್ಪವಾಗಿ ಮುಚ್ಚಿದ್ದುದನ್ನು ಅವಳೇ ಗುರುತಿಸಿದಳು.

ಪ್ಲಾಸ್ಟಿಕ್ ಡಬ್ಬಿಯೊಳಗೆ ಪುಸ್ತಕ, ಪೆನ್ಸಿಲು, ಬಣ್ಣದ ಗೋಲಿಗಳು ಹಾಗೂ ಒಂದು ಪುಟ್ಟ ಹಸಿರು ಕಪ್ಪೆಯ ಆಟಿಕೆ ಇದ್ದವು. ಕಪ್ಪೆಯನ್ನು ಕಂಡು ಅವಳ ಕಣ್ಣು ಅರಳಿತು. ಆದರೆ ಬದಲಿಗೆ ಇಡಲು ತಂದಿದ್ದ ವಸ್ತು ಕಾರಿನಲ್ಲಿಯೇ ಉಳಿದಿತ್ತು. “ತಗೋ, ಮುಂದಿನ ಸಲ ಬಂದಾಗ ಇಟ್ಟರಾಯಿತು” ಎಂದೆ. ಅವಳು ತಲೆಯಾಡಿಸಿ, “ಇಟ್ಟು ತಗೋಬೇಕು ಅಜ್ಜಾ” ಎಂದಳು. ಅಲ್ಲಿ ನೋಡುವವರಾರೂ ಇರಲಿಲ್ಲ. ನನ್ನ ಕೋಟಿನ ಒಳಜೇಬಿನಲ್ಲಿ ಊರಿನಿಂದ ಬಂದಿದ್ದ ಐದು ರೂಪಾಯಿಯ ನಾಣ್ಯ ಸಿಕ್ಕಿತು. ಅದನ್ನು ಇಟ್ಟ ಮೇಲೆಯೇ ಅವಳು ಕಪ್ಪೆಯನ್ನು ಕೈಗೆತ್ತಿಕೊಂಡದ್ದು. ಕಾವಲುಗಾರನಿಲ್ಲದ ಈ ಆಟ ಇಷ್ಟು ವರ್ಷ ನಡೆದುಬಂದಿರುವುದು ಯಾವುದರ ಬಲದಿಂದ ಎಂಬುದು ನನಗೆ ಆಗ ತಿಳಿಯಿತು.

ತಲೆಯೆತ್ತಿ ನೋಡಿದರೆ ಬೆಳಕು ಕುಂದಿತ್ತು. ನಾವು ಯಾವ ಕಡೆಯಿಂದ ಇಳಿದೆವೆಂಬುದೇ ತೋರದು. ಎಲ್ಲ ಮರಗಳೂ ಒಂದೇ ತೆರನಾಗಿದ್ದವು. ಸಾಧನದ ಸೆಲ್ಲುಗಳು ಮುಗಿಯುತ್ತ ಬಂದಿರುವ ಸೂಚನೆ ಪರದೆಯಲ್ಲಿ ಮಿನುಗುತ್ತಿತ್ತು. ಹೊಸ ಸೆಲ್ಲುಗಳನ್ನೂ ನಾನು ಕಾರಿನಲ್ಲಿಯೇ ಬಿಟ್ಟಿದ್ದೆ. ನನ್ನೆದೆ ಡವಗುಟ್ಟಿತು. ನನ್ನ ಮುಖವನ್ನು ನೋಡಿದ ಮಗು ಮೆಲ್ಲಗೆ, “ಕಾರು ನಿಂತ ಜಾಗಾ ನಾ ಮೊದಲೇ ಗುರುತು ಮಾಡೀನಿ ಅಜ್ಜಾ. ಅವ್ವ ಕಲಿಸ್ಯಾಳ” ಎಂದಳು. ಕಾರಿನಿಂದ ಇಳಿದೊಡನೆ ಅವಳು ಗುಂಡಿಯೊತ್ತಿ ಹೊರಟ ಸ್ಥಳವನ್ನು ಸಾಧನದಲ್ಲಿ ದಾಖಲಿಸಿದ್ದಳು. ನಡೆದು ಬಂದ ಹಾದಿಯೂ ಚುಕ್ಕಿಗಳ ಸಾಲಾಗಿ ಅದರಲ್ಲಿ ಉಳಿದಿತ್ತು. ಈ ಸಲ ನಾನು ಬಾಣವನ್ನು ನೆಚ್ಚಲಿಲ್ಲ. ಅವಳು ತೋರಿಸಿದಂತೆ ಚುಕ್ಕಿಗಳ ಸಾಲನ್ನೇ ಹಿಂಬಾಲಿಸಿ ದಿಣ್ಣೆ ಹತ್ತಿದೆವು. ಕಾಲುದಾರಿ ಸಿಕ್ಕ ಸ್ವಲ್ಪ ಹೊತ್ತಿಗೆ ಪರದೆ ಆರಿಹೋಯಿತು.

ಮಗಳು ಕೂಸನ್ನು ಎತ್ತಿಕೊಂಡು ದಾರಿಯ ಬಾಯಲ್ಲಿ ನಿಂತಿದ್ದಳು. ಬಯ್ಯಲಿಲ್ಲ. “ನೀವು ಜೊತೀಗಿದ್ದೀರಿ ಅಂತ ನಂಬಿ ಕಳಿಸಿದ್ದೆ ಅಪ್ಪಾಜಿ” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ವಾಚಕರೇ, ಈಗ ನಮ್ಮ ಎಲ್ಲರ ಮೊಬೈಲುಗಳಲ್ಲಿಯೂ ಈ ಸೌಲಭ್ಯವಿದೆ. ರಜೆಯಲ್ಲಿ ಮಕ್ಕಳೊಡನೆ ಬೆಟ್ಟಗುಡ್ಡಗಳಿಗೆ ಹೋಗುವವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಉಪಗ್ರಹದ ಸಂಕೇತ ಪಡೆಯಲು ಮೊಬೈಲಿನ ನೆಟ್‌ವರ್ಕ್ ಬೇಕಾಗಿಲ್ಲ. ಆದರೆ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿ ಇಟ್ಟುಕೊಂಡಿರಬೇಕು. ನೆಟ್‌ವರ್ಕ್ ಸಿಗದ ಕಡೆ ಮೊಬೈಲು ಅದನ್ನೇ ಹುಡುಕುತ್ತ ಬ್ಯಾಟರಿಯನ್ನು ಬೇಗ ಬರಿದುಮಾಡುತ್ತದೆ. ಎಲ್ಲಿಗೆ, ಯಾರೊಡನೆ, ಎಷ್ಟು ಹೊತ್ತಿಗೆ ಮರಳುತ್ತೇವೆಂದು ಮನೆಯಲ್ಲಿ ಹೇಳಿ ಹೊರಡಬೇಕು. ಎಲ್ಲಕ್ಕಿಂತ ಮೊದಲು, ಹೊರಟ ಸ್ಥಳವನ್ನು ಗುರುತು ಮಾಡಿಕೊಳ್ಳಬೇಕು.

ಡಬ್ಬಿ ಇಡುವುದಕ್ಕೂ ಕಟ್ಟುಪಾಡುಗಳಿವೆ. ನೆಲವನ್ನು ಅಗೆದು ಹೂಳಬಾರದು. ತಿನಿಸುಗಳನ್ನು ಇಡಬಾರದು, ಪ್ರಾಣಿಗಳು ಮೂಸಿ ಬರುತ್ತವೆ. ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಇಡಲೇಬಾರದು. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಇಂತಹ ಡಬ್ಬಿಯೊಂದನ್ನು ಬಾಂಬೆಂದು ಶಂಕಿಸಿ ಸ್ಫೋಟಿಸಿದ ಪ್ರಸಂಗವೂ ಉಂಟು. ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿರೆಂದು ನಮ್ಮ ಬಸ್ಸು, ರೈಲು ನಿಲ್ದಾಣಗಳಲ್ಲಿ ಕೂಗಿ ಹೇಳುತ್ತಿರುವಾಗ ಜನಸಂದಣಿಯ ಸ್ಥಳಗಳಲ್ಲಿ ಈ ಆಟ ಸಲ್ಲದು. ಅಭಯಾರಣ್ಯಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ಪ್ರಾಚೀನ ಸ್ಮಾರಕಗಳ ಕಲ್ಲುಸಂದುಗಳಲ್ಲಿ ಏನನ್ನೂ ತುರುಕಬಾರದು.

ಹಾಗಾದರೆ ಎಲ್ಲಿ ಆಡುವುದು? ಸ್ವಂತ ಹೊಲ, ತೋಟ, ಒಪ್ಪಿಗೆ ಕೊಡುವ ನೆಂಟರ ಮಾವಿನ ತೋಪು ಇವೆಯಲ್ಲ! ಒಂದು ಹಳೆಯ ಊಟದ ಡಬ್ಬಿಯಲ್ಲಿ ನೋಟ್‌ಬುಕ್ಕು, ಪೆನ್ಸಿಲು ಹಾಕಿ ಬದುವಿನ ಮರದ ಬುಡದಲ್ಲಿ ಇಡಿ. ಅಂಕಿಗಳನ್ನು ಚೀಟಿಯಲ್ಲಿ ಬರೆದು, ರಜೆಗೆ ಬಂದ ಮಕ್ಕಳ ಕೈಗೆ ಕೊಡಿ. ಆಟ ಮುಗಿದ ಮೇಲೆ ಡಬ್ಬಿಯನ್ನು ಮನೆಗೆ ತನ್ನಿ. ಅಕ್ಷಾಂಶ ರೇಖಾಂಶಗಳನ್ನು ಕಲಿಸಲು ನಾನು ಬಳಸಿದ ಸೀಮೆಸುಣ್ಣವೆಲ್ಲ ಮಾಡಲಾರದ ಕೆಲಸವನ್ನು ಆ ಒಂದು ಚೀಟಿ ಮಾಡುತ್ತದೆ.

ಊರಿಗೆ ಮರಳಿದ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಆ ಸ್ಥಳದ ಅಂಕಿಗಳನ್ನು ಬರೆದುಕೊಂಡದ್ದು. ಅವನ್ನು ಮೊಮ್ಮಗಳಿಗೆ ಕಳುಹಿಸಿದ್ದೇನೆ. ಮುಂದಿನ ಬೇಸಿಗೆಗೆ ಬರುವೆನೆಂದು ಉತ್ತರ ಬಂದಿದೆ.